ಮಧುಗಿರಿ ಬೆಟ್ಟದ ಗಾಳಿ

ಮಧುಗಿರಿ, ೧೯೩೮

ಅಪ್ಪಾ,

‘ತೀರ್ಥರೂಪರಿಗೆ’ ಎಂದು ಶುರುಮಾಡಲು ಇವತ್ತು ಕೈ ಬರಲಿಲ್ಲ. ನೀವು ಶಿವನ ಪಾದ ಸೇರಿ ವರ್ಷವಾಯಿತು. ಆದರೂ ನಿಮ್ಮ ಮೇಲೆ ಕೋಪ ಬಂದಿದೆ, ಬರಲಿ.

ಇವತ್ತು ಬೆಟ್ಟ ಹತ್ತಿದೆ. “ಹೆಣ್ಣುಮಕ್ಕಳಿಗೆ ಆಗೋ ಬೆಟ್ಟ ಅಲ್ಲ ಕಣಮ್ಮ” ಎಂದು ನೀವು ಪ್ರತಿ ವರ್ಷ ಶಾಲೆಯ ಹುಡುಗರನ್ನಷ್ಟೇ ಕರೆದೊಯ್ಯುತ್ತಿದ್ದಿರಿ. ಬೆಳಗಿನ ಜಾವ ಎದ್ದು ಎಲ್ಲರಿಗೂ ಬುತ್ತಿ ಕಟ್ಟುವುದು ಮಾತ್ರ ನನಗೆ ಆಗುತ್ತಿತ್ತು, ಅಲ್ಲವೇ? ಸಂಜೆ ಬಂದು, ತುದಿಯ ಗಾಳಿಗೆ ನಿಮ್ಮ ಪೇಟ ಹಾರಿಹೋದ ಕಥೆ ಹೇಳುತ್ತಿದ್ದಿರಿ. ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ.

ನಾನು, ನಮ್ಮ ಯಜಮಾನರು ಹೊರಟಾಗ ದಾರಿ ತೋರಿಸಲು ಬಂದವನು ನಿಮ್ಮ ಹಳೆಯ ಶಿಷ್ಯ, ಈಗ ಶಿರಾದಲ್ಲಿ ಅಂಗಡಿ ಇಟ್ಟಿರುವ ಕುತುಬುದ್ದೀನ್. ಮೆಟ್ಟಿಲು ಮುಗಿದು ಬರೀ ಬಂಡೆ ಶುರುವಾಗುವ ಕಡೆ, ಕೋಟೆಯ ಬಾಗಿಲ ನೆರಳಲ್ಲಿ ನಿಂತು ನಕ್ಕ.

“ಮೇಷ್ಟ್ರು ಇಲ್ಲೇ ಕೂತ್ಕಂತಿದ್ರು ಕಣಕ್ಕಾ. ಬಂಡೆ ನೋಡಿದ್ರೆ ಅವರಿಗೆ ಕಾಲು ನಡುಗ್ತಿತ್ತು. ನಾವು ಇಳಿದು ಬಂದ ಮ್ಯಾಲೆ, ಏನೇನ್ ಕಂಡ್ರಿ ಹೇಳ್ರೋ ಅಂತ ಕೇಳ್ತಿದ್ರು.”

“ಪೇಟ ಹಾರಿದ್ದು?”

“ಪೇಟ ಯಾಕ್ ಹಾರ್ತದೆ? ಹಾರಿದ್ದು ನನ್ನ ಟೋಪಿ!”

ನನಗೆ ಮೈಯೆಲ್ಲ ಉರಿಯಿತು. ಭಯವಾಗುತ್ತದೆ ಎಂದು ಒಂದು ಮಾತು ಹೇಳಿದ್ದರೆ ನಾನೂ ಬಂದು, ಬುತ್ತಿ ಬಿಚ್ಚಿ ನಿಮ್ಮ ಪಕ್ಕ ಕೂರುತ್ತಿರಲಿಲ್ಲವೇ? ನಿಮ್ಮ ಭಯವನ್ನು ತಂದು ನನ್ನ ತಲೆಗೆ ಕಟ್ಟಿದಿರಲ್ಲ!

ತುದಿ ಮುಟ್ಟಿದೆ. ಅಲ್ಲಿಂದ ಏನೇನು ಕಂಡಿತೆಂದು ಹೇಳುವುದಿಲ್ಲ. ಇಳಿದು ಬಂದಾಗ ಆ ಬಾಗಿಲ ನೆರಳಲ್ಲಿ ಕೂತು ಕೇಳಲು ನೀವಿರಬೇಕಿತ್ತು.

ಸರ್ವಮಂಗಳಾ