ಕಾಪು ದಾಟಿದ ಮಧ್ಯಾಹ್ನ

ಅಪ್ಪಾ,

ಮೊನ್ನೆ ಸಂಜೆ ಗೋವಾ ಬಿಟ್ಟ ನಮ್ಮ ಹಾಯಿದೋಣಿ ನಿನ್ನೆ ಮಧ್ಯಾಹ್ನಕ್ಕೇ ಕಾಪುವಿನ ಎದುರಿಗಿತ್ತು. ವಾಯವ್ಯದ ಗಾಳಿ ಹಾಯಿ ತುಂಬಿ, ನೀರನ್ನು ಸೀಳಿಕೊಂಡು ಓಡುತ್ತಿದ್ದೆವು. ದೂರದಲ್ಲಿ ದೀಪಸ್ತಂಭ ಕಂಡಿತು. ಮೀನಿಗೆ ಹೋದ ನೀವು ಮರಳಿ ಬಾರದೆ ಉಳಿದದ್ದು ಅದೇ ನೀರಿನಲ್ಲಿ.

ಚುಕ್ಕಾಣಿ ನನ್ನ ಕೈಯಲ್ಲಿತ್ತು. ಹಿಂದೆ ನೀರಿನ ಕಡೆಯಿಂದ ಯಾರೋ "ಅಮ್ಮಣ್ಣೀ" ಎಂದು ಕರೆದರು. ನನ್ನನ್ನು ಹಾಗೆ ಕರೆಯುತ್ತಿದ್ದವರು ನೀವೊಬ್ಬರೇ.

ದೋಣಿಯ ಒಡೆಯ ವಿಕಾಸ್ ಕೂಡ ಹಿಂದಿರುಗಿ ನೋಡಿದ. "ಯಾರೋ ಕರೆದ ಹಾಗಾಯ್ತಲ್ವಾ? ದೋಣಿ ತಿರುಗಿಸುವುದಾ?"

"ಎಂತದೂ ಇಲ್ಲ ಮಾರಾಯ, ಗಾಳಿ," ಎಂದೆ.

ಇಂಥ ಓಟ ಮತ್ತೆ ಸಿಗದೆಂದು ಎಲ್ಲರೂ ಖುಷಿಯಲ್ಲಿದ್ದರು. ಮಂಗಳೂರು ದಾಟುವವರೆಗೂ ನಾನು ಕಿವಿಗೊಟ್ಟು ಕೂತಿದ್ದೆ. ನೀವು ಎರಡನೇ ಸಲ ಕರೆಯಲಿಲ್ಲ.

ಹರ್ಷಿಣಿ