ಹಗ್ಗದ ಕೊನೆಯ ತುದಿ

ಅಣ್ಣಾ,

ಹೋದ ವರ್ಷ ನೀನು ಕಾಣೆಯಾದ ಶಿಖರಕ್ಕೆ, ನೀನು ಹೊರೆ ಹೊತ್ತ ಅದೇ ತಂಡದ ಹೊರೆಯಾಳಾಗಿ ಬಂದಿದ್ದೇನೆ. ಆಳುಗಳ ಸಂಘ ಕಟ್ಟಲು ಎಂದು ಅಮ್ಮನಿಗೆ ಹೇಳಿದೆ, ಕರಪತ್ರಗಳೂ ಚೀಲದಲ್ಲಿವೆ. "ದುಡ್ಡಿದ್ದವರ ಕತ್ತೆ" ಎಂದು ನೀನು ಹೊರಟಾಗ ನಾನು ನಿನ್ನನ್ನು ಬೈದದ್ದನ್ನು ಹೇಳಲಿಲ್ಲ.

ಹಗ್ಗದಲ್ಲಿ ನನಗೆ ನಿನ್ನ ಜಾಗವೇ ಸಿಕ್ಕಿದೆ, ಎಲ್ಲರಿಗಿಂತ ಹಿಂದೆ. ಮಂಜು ಕವಿದಾಗ ಪ್ರತಿಯೊಬ್ಬರೂ ಮುಂದಿನವರಿಗೆ ಎರಡು ಸಲ ಹಗ್ಗ ಜಗ್ಗಬೇಕು, ಕ್ಷೇಮ ಎಂದರ್ಥ. ಇವತ್ತು ಬೆಳಿಗ್ಗೆ, ನನ್ನ ಸೊಂಟದಿಂದ ಹಿಂದಕ್ಕೆ ಇಳಿಬಿದ್ದಿದ್ದ ತುದಿಯನ್ನು ಯಾರೋ ಎರಡು ಸಲ ಜಗ್ಗಿದರು.

"ಹಿಂದೆ ಯಾರಿದಾರೆ?" ಎಂದು ಕೂಗಿದೆ.

"ನಿನ್ನ ಭಾಷಣ ಕೇಳೋರು ಯಾರೂ ಇಲ್ಲ, ನಡಿಯಪ್ಪ," ಎಂದ ಮುಂದಿದ್ದ ಗೈಡ್.

ಡೇರೆಯಲ್ಲಿ ಅವನು, "ಆ ತುದಿ ಕಾಲಿಗೆ ತೊಡರುತ್ತೆ, ಕತ್ತರಿಸಿಬಿಡು," ಎಂದ.

ನಾಳೆ ಇನ್ನೂ ಮೇಲೆ ಹೋಗುತ್ತೇವೆ. ಅದನ್ನು ಇನ್ನೊಂದು ಮಾರು ಉದ್ದ ಬಿಟ್ಟು ಕಟ್ಟಿಕೊಂಡಿದ್ದೇನೆ.