ಭಾನುವಾರ ನೋಡೋಣ

ಮಾರ್ಚ್ ೪, ಮಂಗಳವಾರ

ಲ್ಯಾಬಿನಲ್ಲಿ ಒಂಬತ್ತು ಹಲ್ಲಿನ ಅಚ್ಚು ಹೊಯ್ದೆ. ಎರಡರಲ್ಲಿ ಗಾಳಿಗುಳ್ಳೆ. ನಾಳೆ ಮತ್ತೆ ಹೊಯ್ಯಬೇಕು. ಉಗುರಿನ ಸಂದಿಯಲ್ಲೆಲ್ಲ ಪ್ಲಾಸ್ಟರ್, ಉಜ್ಜಿದರೂ ಹೋಗದು.

ಮಧ್ಯಾಹ್ನ ಕ್ಲಿನಿಕ್ಕಿನಿಂದ ಒಂದು ಹಲ್ಲಿನ ಸೆಟ್ ವಾಪಸ್ ಬಂತು. ಮೇಲಿನದು, ಕೆಳಗಿನದು ಎರಡೂ. ಅಳತೆ ಸರಿ, ಬಣ್ಣ ಸರಿ. ಹಾಕಿಕೊಳ್ಳಬೇಕಾದ ಹೆಂಗಸು ಶುಕ್ರವಾರ ತೀರಿಕೊಂಡಳಂತೆ.

ಆ ಸೆಟ್ ಮಾಡಿದ್ದು ಮೇಣದಣ್ಣ. ನಾನು ಅಚ್ಚು ಹೊಯ್ದು ಕೊಟ್ಟರೆ ಅವನು ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸುತ್ತಾನೆ. ಇಪ್ಪತ್ತೆರಡು ವರ್ಷದಿಂದ ಅಕ್ಕಪಕ್ಕದ ಬೆಂಚು. ಬೇರೆ ದಿನವಾಗಿದ್ದರೆ ಸೆಟ್ಟನ್ನು ಕೈಯಲ್ಲಿ ಹಿಡಿದು ನಮ್ಮ ಓನರ್ ಥರ ಮಾತಾಡಿಸಿ ಲ್ಯಾಬನ್ನೆಲ್ಲ ನಗಿಸುತ್ತಿದ್ದ. ಇವತ್ತು ಸುಮ್ಮನೆ ತಿರುಗಿಸಿ ತಿರುಗಿಸಿ ನೋಡಿದ.

"ಮೂರು ವರ್ಷ ಬೊಚ್ಚು ಬಾಯಲ್ಲೇ ಕಳೆದ್ಲಂತೆ ಕಣೋ. ಆಮೇಲೆ ಮಾಡಿಸ್ಕೊಂಡ್ರಾಯ್ತು, ಆಮೇಲೆ ಮಾಡಿಸ್ಕೊಂಡ್ರಾಯ್ತು ಅಂತ."

ಡಬ್ಬಿಗೆ ಹಾಕಿ ಮೇಲಿನ ಶೆಲ್ಫಿಗೆ ಇಟ್ಟ.

ಮಾರ್ಚ್ ೫, ಬುಧವಾರ

ಟೀ ಹೊತ್ತಿಗೆ ಮೇಣದಣ್ಣ ಸ್ಟೂಲು ಎಳೆದುಕೊಂಡು ಹತ್ತಿರ ಬಂದ.

"ಹಿರಿಯರೇ, ನಿಮ್ಮ ದೇವರ ಹತ್ರ ನನ್ನಂಥೋನು ಹೋಗಬಹುದಾ?"

ನಾನು ಚರ್ಚಿನಲ್ಲಿ ಸಭೆಯ ಹಿರಿಯ. ಅದಕ್ಕೇ ಅವನ ಬಾಯಲ್ಲಿ ಯಾವಾಗಲೂ 'ಹಿರಿಯರೇ'. ತಮಾಷೆ ಅಂದುಕೊಂಡೆ. ಅಲ್ಲ.

"ನಮ್ಮಪ್ಪ ಸಾಯೋವಾಗ ನಾನು ಇಸ್ಪೀಟಾಡ್ತಾ ಕೂತಿದ್ದೆ. ಪಕ್ಕದ ಬೀದೀಲೇ. ಎರಡು ಸಲ ಕರೆಯೋಕೆ ಬಂದ್ರು. ಈ ಆಟ ಮುಗೀಲಿ ಅಂದೆ."

ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ.

"ಇದನ್ನ ಯಾರ ಹತ್ರ ಹೇಳ್ಕೊಳ್ಳೋದು? ಅಪ್ಪ ಅಂತೂ ಇಲ್ಲ."

"ಭಾನುವಾರ ಪಾದ್ರಿಯವರ ಹತ್ರ ಕರ್ಕೊಂಡು ಹೋಗ್ತೀನಿ ಅಣ್ಣ."

"ಇವತ್ತಾಗಲ್ವಾ?"

"ಇವತ್ತು ಹದಿನಾಲ್ಕು ಡೆಲಿವರಿ ಇದೆ."

"ಹೋಗ್ಲಿ, ಇಲ್ಲೇ ಕೂತು ನೀನೇ ನಿಮ್ಮ ದೇವರಿಗೆ ಎರಡು ಮಾತು ಹೇಳು. ನಿನಗೆ ಗೊತ್ತಿರೋರಲ್ವಾ ಅವರು?"

ಪ್ಲಾಸ್ಟರ್ ಗಟ್ಟಿಯಾಗ್ತಾ ಇದೆ ಅಂದೆ. ನಿಜವಾಗಿಯೂ ಆಗುತ್ತಿತ್ತು.

ಮಾರ್ಚ್ ೯, ಭಾನುವಾರ

ಕರೆದುಕೊಂಡು ಹೋಗಲಿಲ್ಲ. ಮನೆಗೆ ನೆಂಟರು ಬರುತ್ತಾರೆ, ಮುಂದಿನ ವಾರ ನೋಡೋಣ ಎಂದು ಬೆಳಗ್ಗೆಯೇ ಮೆಸೇಜ್ ಹಾಕಿದೆ. ಹೆಬ್ಬೆರಳೆತ್ತಿದ ಚಿತ್ರ ಕಳಿಸಿದ. ಅಷ್ಟೇ.

ನೆಂಟರು ಬಂದದ್ದು ಸಂಜೆ. ಆರಾಧನೆ ಇದ್ದದ್ದು ಬೆಳಗ್ಗೆ.

ನಿಜ ಹೇಳಬೇಕೆಂದರೆ... ಅವನ ನಗು ದೊಡ್ಡದು. ಬಯ್ಗುಳ ಬೆರೆಸದೆ ಒಂದು ವಾಕ್ಯ ಆಡಿದವನಲ್ಲ. ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಅವನು. ಯಾರ್ಯಾರು ತಿರುಗಿ ನೋಡುತ್ತಾರೋ.

ಪಾದ್ರಿಯವರು ಚೆನ್ನಾಗಿ ಮಾತಾಡಿದರು. ದೇವರಿಗೆ 'ನಾಳೆ' ಅನ್ನುವವನು ಮರ್ಯಾದೆಯಾಗಿ 'ಇಲ್ಲ' ಅಂದ ಹಾಗೆ ಎಂದರು. ತಲೆಯಾಡಿಸಿದೆ. ಹಾಡಿನ ಪುಸ್ತಕ ಏಳು ಕಡಿಮೆ ಬಿದ್ದಿವೆ, ಯಾರಿಗಾದರೂ ಹೇಳಬೇಕು ಎಂದು ಯೋಚಿಸುತ್ತಿದ್ದೆ.

ಮಾರ್ಚ್ ೧೬, ಭಾನುವಾರ

ಜ್ವರ ಅಂದೆ. ಜ್ವರ ಇರಲಿಲ್ಲ.

ಮಾರ್ಚ್ ೧೭, ಸೋಮವಾರ

ಮೇಣದಣ್ಣ ಕೆಲಸ ಮಾಡುತ್ತಾ ಏನೋ ಗುನುಗುತ್ತಿದ್ದ. ಮುಖ ತೊಳೆದಿಟ್ಟ ಹಾಗಿತ್ತು.

"ಜ್ವರ ಹೇಗಿದೆ ಹಿರಿಯರೇ?"

"ಬಿಟ್ಟಿದೆ. ಬರೋ ಭಾನುವಾರ ಖಂಡಿತ ಹೋಗೋಣ ಅಣ್ಣ."

"ಪಾದ್ರಿಯವರನ್ನ ನೋಡೋಕೆ ತಾನೇ? ನೋಡೋಣ ಬಿಡು. ಆ ಕೆಲಸ ಆಯ್ತು."

ಬೇಜಾರಾಗಿದೆ ಅವನಿಗೆ, ಅದಕ್ಕೇ ಕೈಬಿಟ್ಟಿದ್ದಾನೆ ಅಂದುಕೊಂಡೆ. ಪಾಪ ಅನಿಸಿತು. ತಲೆನೋವು ಕಳೆಯಿತು ಅಂತಲೂ ಅನಿಸಿತು. ಯಾರೂ ಓದದ ಪುಸ್ತಕ ಇದು, ಇಲ್ಲಿ ಸುಳ್ಳು ಬರೆದು ಏನು ಸಾಧಿಸಬೇಕು?

ಮಾರ್ಚ್ ೨೦, ಗುರುವಾರ

ಬೆಳಗ್ಗೆ ಹತ್ತು ನಲವತ್ತು. ಮೇಣ ಕೆತ್ತುವ ಚಾಕು ನೆಲಕ್ಕೆ ಬಿತ್ತು. ಎತ್ತಿಕೊಡಲು ಬಗ್ಗಿದೆ. ತಲೆ ಎತ್ತಿದಾಗ ಅವನ ಬಾಯಿ ಒಂದು ಕಡೆಗೆ ವಾಲಿತ್ತು. ಏನೋ ಹೇಳುತ್ತಿದ್ದ, ಮಾತಾಗಿ ಬರುತ್ತಿರಲಿಲ್ಲ. ಬರೀ ಗಾಳಿ.

ಆಂಬುಲೆನ್ಸ್ ಬರಲು ಇಪ್ಪತ್ತು ನಿಮಿಷ. ಮೇಣ ಕಾಯಿಸುವ ಸ್ಪಿರಿಟ್ ದೀಪ ಆರಿಸಲು ಯಾರಿಗೂ ನೆನಪಾಗಲಿಲ್ಲ. ಕೂರಿಸಿದ್ದ ಹಲ್ಲುಗಳೆಲ್ಲ ಕರಗಿದ ಮೇಣದ ಜೊತೆ ಜಾರಿ ಬೆಂಚಿನ ತುಂಬ.

ಮಾರ್ಚ್ ೨೧, ಶುಕ್ರವಾರ. ಮಧ್ಯಾಹ್ನ

ಐಸಿಯು. ಒಬ್ಬರಿಗೆ ಐದು ನಿಮಿಷ. ಕಣ್ಣು ತೆರೆದಿತ್ತು, ನನ್ನನ್ನೇ ನೋಡುತ್ತಿದ್ದ. ಎಡಗೈ ಹಿಡಿದುಕೊಂಡೆ. ಪ್ರಾರ್ಥನೆ ಮಾಡಬೇಕು ಎಂದೇ ಒಳಗೆ ಹೋದದ್ದು. ನರ್ಸ್ ಇದ್ದಳು. ಪಕ್ಕದ ಹಾಸಿಗೆಯವರ ಮಗ ಇದ್ದ. ಹೊದಿಕೆ ಸರಿಮಾಡಿದೆ. ನನ್ನ ಬಾಯಿಂದ ಬಂದದ್ದು ಇಷ್ಟು:

"ಭಾನುವಾರದ ಹೊತ್ತಿಗೆ ಹುಷಾರಾಗ್ತೀಯ ಅಣ್ಣ."

ಭಾನುವಾರ! ಥೂ.

ಹೊರಗೆ ಬಂದು ಪಾದ್ರಿಯವರಿಗೆ ಫೋನ್ ಮಾಡಿದೆ. ಬೇರೆ ಊರಿನಲ್ಲಿದ್ದಾರೆ, ನಾಳೆ ಮಧ್ಯಾಹ್ನ ಬರುತ್ತಾರೆ.

"ನಾನು ಬರೋವರೆಗೂ ಕಾಯಬೇಡಿ. ನೀವೇ ಹೋಗಿ ಪ್ರಾರ್ಥನೆ ಮಾಡಿ, ಈಗಲೇ. ಹಿರಿಯರಲ್ವಾ ನೀವು?"

ಆಗಲಿ ಅಂದೆ. ಕೆಳಗಿಳಿದು ಹೋಗಿ ಕಾಫಿ ಕುಡಿದೆ. ಮತ್ತೆ ಮೇಲೆ ಹೋಗುವಷ್ಟರಲ್ಲಿ ಭೇಟಿ ಸಮಯ ಮುಗಿದಿತ್ತು.

ಮಾರ್ಚ್ ೨೨, ಶನಿವಾರ

ಬೆಳಗ್ಗೆ ಆರೂ ಹತ್ತಕ್ಕೆ ಹೋದ.

ಮಾರ್ಚ್ ೨೯, ಶನಿವಾರ

ಒಂದು ವಾರ ಏನೂ ಬರೆಯಲಿಲ್ಲ. ಇವತ್ತು ಅವನ ಏಪ್ರನ್, ಕನ್ನಡಕ, ಚಾಕುಗಳನ್ನು ಕೊಡಲು ಮನೆಗೆ ಹೋಗಿದ್ದೆ. ಎರಡು ಕೋಣೆಯ ಮನೆ, ಮೂರನೇ ಮಹಡಿ. ಅತ್ತಿಗೆ ಒಬ್ಬರೇ ಬಟ್ಟೆ ಮಡಿಸುತ್ತಾ ಕೂತಿದ್ದರು.

ಹೇಳಿಬಿಡಬೇಕು ಅನಿಸಿತು. ಅವನು ಕೇಳಿದ್ದು, ನಾನು ಭಾನುವಾರ ಭಾನುವಾರ ಅಂದದ್ದು, ಐಸಿಯುನಲ್ಲಿ ಪ್ರಾರ್ಥನೆ ಮಾಡದೆ ಬಂದದ್ದು, ಎಲ್ಲ ಹೇಳಿದೆ. ಜ್ವರದ ವಿಷಯವೊಂದು ಬಿಟ್ಟು. "ನನ್ನಿಂದಾಗಿ ದೇವರನ್ನ ಕಾಣದೇ ಹೋದ ಅತ್ತಿಗೆ" ಅಂದೆ.

ಮಡಿಸುವುದು ನಿಲ್ಲಿಸಿ ನನ್ನ ಮುಖ ನೋಡಿದರು.

"ಯಾರು ಹೇಳಿದ್ದು ನಿಮಗೆ? ನೀವು ನೆಂಟರು ಬರ್ತಾರೆ ಅಂದ್ರಲ್ಲ, ಅವತ್ತೇ ಈ ಮಂಚದ ಅಂಚಲ್ಲಿ ಕೂತ್ಕೊಂಡ್ರು. ಯಾರ ಹತ್ರ ಮಾತಾಡ್ತಿದೀರಿ ಅಂದೆ. ದೇವರ ಹತ್ರ ಅಂದ್ರು. ನಂಗೆ ನಗು ಬಂತು. ಹೇಗೆ ಅಂತ ಗೊತ್ತಾ ನಿಮಗೆ ಅಂದೆ. ಗೊತ್ತಿಲ್ಲ ಕಣೇ, ಹಿರಿಯನಿಗೆ ಪುರುಸೊತ್ತಿಲ್ಲ, ಮುಂದಿನ ವಾರದವರೆಗೆ ನಂಗೆ ತಡೆಯೋಕಾಗಲ್ಲ, ಅದಕ್ಕೇ ನಾನೇ ಬಾಗಿಲು ತಟ್ಟಿದೆ ಅಂದ್ರು."

"ಏನು ಹೇಳ್ತಿದ್ದ?"

"ಅವರಪ್ಪನ ವಿಷಯ. ಇಸ್ಪೀಟಿನ ವಿಷಯ. ಒಂದೂ ಮುಚ್ಚಿಡಲಿಲ್ಲ. ಯೇಸಪ್ಪಾ, ಯೇಸಪ್ಪಾ ಅಂತ ಚಿಕ್ಕ ಮಕ್ಕಳ ಹಾಗೆ ಅತ್ರು. ಆಮೇಲೆ ದಿನಾ ಬೆಳಗ್ಗೆ ಕೂರೋರು. ಮೂವತ್ತೈದು ವರ್ಷ ಸಂಸಾರ ಮಾಡಿದೀನಿ, ಅವರು ಅಷ್ಟು ನೆಮ್ಮದಿಯಾಗಿ ನಿದ್ದೆ ಮಾಡಿದ್ದು ಆ ಹತ್ತು ದಿನವೇ."

ಮತ್ತೊಂದು ಬಟ್ಟೆ ಎತ್ತಿಕೊಂಡು ಅವರೇ ಮುಂದುವರಿಸಿದರು.

"ನಿಮಗೋಸ್ಕರಾನೂ ಬೇಡ್ಕೊಂಡ್ರು. ಹಿರಿಯನ ಜ್ವರ ಬೇಗ ಬಿಡ್ಲಿ ಅಂತ."



ಅದೇ ದಿನ. ಸಂಜೆ

ಸಮಾಧಾನ ಆಗಬೇಕಿತ್ತು. ಆಗುತ್ತಿಲ್ಲ. ಅವನು ದೇವರಿಲ್ಲದೆ ಕೆಟ್ಟುಹೋದ ಎಂದು ಅಳುತ್ತಿದ್ದೆ. ಅವನು ಕೆಟ್ಟಿಲ್ಲ. ಹಾಗಾದರೆ ಈ ಅಳು ಯಾರದು?

ಅವತ್ತು ಟೀ ಹೊತ್ತಿನಲ್ಲಿ ಎರಡು ಮಾತು ಯಾಕೆ ಹೇಳಲಿಲ್ಲ ಎಂದು ಈಗ ತಿಳಿಯುತ್ತಿದೆ. ಪ್ಲಾಸ್ಟರೂ ಅಲ್ಲ, ನಾಚಿಕೆಯೂ ಅಲ್ಲ. ನನ್ನ ಹತ್ತಿರ ಹೇಳಲು ಏನೂ ಇರಲಿಲ್ಲ. 'ನಿನಗೆ ಗೊತ್ತಿರೋರಲ್ವಾ ಅವರು' ಅಂದ. ಚರ್ಚಿನಲ್ಲಿ ಮೂವತ್ತು ವರ್ಷ ಅದೇ ಬೆಂಚು, ಅದೇ ಹಾಡು, ಎದ್ದು ನಿಂತು ಓದುವ ಅದೇ ಪ್ರಾರ್ಥನೆ. ಮಕ್ಕಳ ಓದು ಮುಗೀಲಿ, ಮನೆ ಆಗಲಿ, ರಿಟೈರಾಗಲಿ, ಆಮೇಲೆ ದೇವರ ಜೊತೆ ಕೂತು ಮಾತಾಡೋಣ ಎಂದುಕೊಂಡೇ ಐವತ್ತೇಳಾಯಿತು. ಆತನ ಮನೆಯ ಜಗಲಿಯಲ್ಲೇ ಮೂವತ್ತು ವರ್ಷ ಕಳೆದೆ. ಯಜಮಾನನ ಮುಖ ನೋಡಿಲ್ಲ.

ಮಾರ್ಚ್ ೩೦, ಭಾನುವಾರ. ಬೆಳಗ್ಗೆ ಎಂಟೂವರೆ

ಹೆಂಡತಿ ಸಿದ್ಧಳಾಗಿ ಬಾಗಿಲಲ್ಲಿ ನಿಂತು ಕರೆದಳು.

"ಏನ್ರೀ, ಹೊತ್ತಾಯ್ತು."

"ನೀನು ಹೋಗಿರು. ಹಿಂದೆ ಬರ್ತೀನಿ."

"ಹುಷಾರಿಲ್ವಾ?"

"ಇಲ್ಲ" ಅಂದೆ. ಈ ಸಲ ಸುಳ್ಳಲ್ಲ.

ಹೋದಳು. ಬಾಗಿಲು ಹಾಕಿಕೊಂಡಿದ್ದೇನೆ. ಕೋಣೆಯಲ್ಲಿ ಯಾರೂ ಇಲ್ಲ, ಆದರೂ ಮಂಡಿಯೂರಲು ಸಂಕೋಚ. ಬಾಯಿ ತೆರೆದರೆ ಸಭೆಯಲ್ಲಿ ಹೇಳುವ ದೊಡ್ಡ ದೊಡ್ಡ ಮಾತುಗಳೇ ಸಾಲಾಗಿ ಬರುತ್ತವೆ. ಅವು ಬೇಡ. ಮೊದಲು ಏನು ಹೇಳಬೇಕು... ಐಸಿಯುನದೋ? ಅದಕ್ಕೂ ಹಿಂದಿನದೋ? ಒಂದು ಪಟ್ಟಿ ಮಾಡಿಕೊಂಡರೆ ಸುಲಭವಾಗಬಹುದು ಎಂದು ಈ ಪುಸ್ತಕ ತೆಗೆದೆ.

ಎಂಟು ಐವತ್ತು. ಇಪ್ಪತ್ತು ನಿಮಿಷದಿಂದ ಬರೆಯುತ್ತಲೇ ಇದ್ದೇನೆ.

ಇದೂ ತಡ ಮಾಡುವ ಉಪಾಯವೇ ಅಲ್ಲವೇ. ಬರೆಯುವುದು ಆಮೇಲೆ. ಮೊದಲು ಪೆನ್ನು ಕೆಳಗೆ —